ಎದ್ದು ಕೂತ ಇನ್ಸ್‌ಪೆಕ್ಟರು

ಆ ಹಿಂದಿ ಚಿತ್ರವನ್ನು ಬೆಂಗಳೂರಿನ ಪತ್ರಿಕೆಗಳು ಒಂದೂ ಬಿಡದೆ ಬೈದಿದ್ದವು. ನೆಲಮಂಗಲದ ಟೆಂಟು ಟಾಕೀಸಿಗೆ ಅದು ಬರುವ ಹೊತ್ತಿಗೆ ಆ ಬೈಗುಳವೂ ಹಳತಾಗಿತ್ತು. ಬೆಂಗಳೂರಿನಲ್ಲಿ ಬಿಡುಗಡೆಯಾದ ಚಿತ್ರ ನಮ್ಮೂರು ಮುಟ್ಟುವಷ್ಟರಲ್ಲಿ ರೀಲು ಸವೆದು, ಪರದೆಯ ತುಂಬ ಗೀರು ಬಿದ್ದು, ಅಲ್ಲಲ್ಲಿ ಮಾತೇ ಹಾರಿಹೋಗಿರುತ್ತಿತ್ತು. ಆದರೂ ವಾಚನಾಲಯದಲ್ಲಿ ಓದಿದ್ದ ವಿಮರ್ಶೆಗಳು ನನ್ನ ತಲೆಯಲ್ಲಿ ಉಳಿದಿದ್ದವು. ಇಬ್ಬರು ಪೊಲೀಸ್ ಇನ್ಸ್‌ಪೆಕ್ಟರುಗಳು, ಜೀವದ ಗೆಳೆಯರು, ಚಿತ್ರದುದ್ದಕ್ಕೂ ಒಬ್ಬರನ್ನೊಬ್ಬರು ಗೇಲಿ ಮಾಡಿಕೊಂಡು ಕಳ್ಳಸಾಗಣೆಯವರನ್ನು ಚಚ್ಚುತ್ತಾರೆ, ಅದರಾಚೆಗೆ ಕತೆಯೆನ್ನುವುದು ಇಲ್ಲ ಎಂದು ಒಂದು ಪತ್ರಿಕೆ ಬರೆದಿತ್ತು. ಯಾವ ಠಾಣೆಯಲ್ಲಿ ಪೊಲೀಸರು ಹೀಗೆ ನಗುತ್ತಾರೆ ಎಂದು ಇನ್ನೊಂದು ಕೇಳಿತ್ತು. ಎಲ್ಲರೂ ಒಮ್ಮತದಿಂದ ಹೀಯಾಳಿಸಿದ್ದು ಕೊನೆಯ ಭಾಗವನ್ನು. ಗುಂಡೇಟು ತಿಂದು, ಉದ್ದಕ್ಕೆ ಮಾತಾಡಿ ಕಣ್ಣು ಮುಚ್ಚಿದ ಗೆಳೆಯ ಮತ್ತೆ ಎದ್ದು ಕೂರುವುದು ನೋಡುವವರ ಬುದ್ಧಿಗೆ ಮಾಡಿದ ಅವಮಾನ ಎಂದು ಅವರ ತೀರ್ಮಾನ.

ನಾನಾಗ ಊರ ಹೊರಗಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದೆ. ಜೊತೆಗೆ, ನಮ್ಮ ತಾಲ್ಲೂಕಿನ ಒಂದು ವಾರಪತ್ರಿಕೆಗೆ ಸಿನಿಮಾ ಬಗ್ಗೆ ಬರೆಯುತ್ತಿದ್ದೆ. ನಾಲ್ಕೇ ಪುಟದ ಪತ್ರಿಕೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಅದರ ಸಂಪಾದಕರು. ಕಾಲಲ್ಲಿ ತುಳಿಯುವ ಪ್ರೆಸ್ಸಿನಲ್ಲಿ ಅದು ಅಚ್ಚಾಗುತ್ತಿತ್ತು. ಮಳೆ, ಸಂತೆಯ ಧಾರಣೆ, ಹರಾಜಿನ ನೋಟೀಸು ಇವೆಲ್ಲದರ ನಡುವೆ ಟೆಂಟಿಗೆ ಬಂದ ಚಿತ್ರದ ಬಗ್ಗೆ ಒಂದು ಪುಟ್ಟ ಕಾಲಂ. ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸು ಮಾಡಿದ್ದರಿಂದ ಹಿಂದಿ ಚಿತ್ರಗಳೂ ನನ್ನ ಪಾಲಿಗೇ ಬಂದಿದ್ದವು. ಪೊಲೀಸ್ ದಫೇದಾರರ ಮಗಳು ಸಿನಿಮಾ ವಿಮರ್ಶೆ ಬರೆಯುತ್ತಾಳೆ ಎಂದು ಊರಲ್ಲಿ ಕೆಲವರಿಗೆ ತಮಾಷೆಯಾಗಿ ಕಂಡಿತ್ತು. ಸಂಪಾದಕರಿಗೆ ಮಾತ್ರ ಅದು ತಮಾಷೆಯಾಗಿ ಕಂಡಿರಲಿಲ್ಲ.

"ಈ ಚಿತ್ರದ ಬಗ್ಗೆ ಬೆಂಗಳೂರಿನೋರೆಲ್ಲ ಬರ್ದಾಗಿದೆ. ನೀನು ಅದನ್ನೇ ಬರಿಯೋದಾದ್ರೆ ಬೇಡಮ್ಮ," ಎಂದರು. "ಚಿತ್ರ ನೋಡಿ ನಿನಗೆ ಏನನ್ನಿಸ್ತೋ ಅದನ್ನ ಬರಿ."

ನಮ್ಮ ಮನೆ ಠಾಣೆಯ ಹಿಂದಿನ ಪೊಲೀಸ್ ಲೈನಿನಲ್ಲಿತ್ತು. ಹೆಂಚಿನ ಮನೆಗಳ ಒಂದು ಸಾಲು, ಎಲ್ಲರಿಗೂ ಸೇರಿ ಒಂದು ನಲ್ಲಿ. ನಮ್ಮಪ್ಪ ಆ ಠಾಣೆಯ ದಫೇದಾರರು. ಪಕ್ಕದ ಮನೆಯಲ್ಲಿ ಒಬ್ಬರು ಪೇದೆ ಇದ್ದರು. ಅವರ ಹೆಂಡತಿ ನಮ್ಮಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದುದರಿಂದ ಅವರು ನನಗೆ ಮಾವ, ಆಕೆ ಅತ್ತೆ. ರಕ್ತಸಂಬಂಧವೇನೂ ಇಲ್ಲ. ಅವರಿಗೆ ಮಕ್ಕಳಿರಲಿಲ್ಲ. ಗೋಡೆ ಒಂದೇ ಆದ್ದರಿಂದ ಅವರ ಮನೆಯ ಒಗ್ಗರಣೆ ನಮ್ಮ ಮನೆಗೂ, ನಮ್ಮ ಮನೆಯ ಜಗಳ ಅವರ ಮನೆಗೂ ಕೇಳಿಸುತ್ತಿತ್ತು.

ಅಪ್ಪ ಮಿತಭಾಷಿ. ಮಾವನ ಬಾಯಿ ಮುಚ್ಚುತ್ತಲೇ ಇರಲಿಲ್ಲ. ಇಬ್ಬರೂ ಖಾಕಿ ಚಡ್ಡಿ ತೊಟ್ಟು, ಕಾಲಿಗೆ ಪಟ್ಟಿ ಸುತ್ತಿ, ಒಂದು ಬದಿ ಮಡಿಚಿದ ಟೋಪಿ ಇಟ್ಟು ಸೈಕಲ್ಲುಗಳ ಮೇಲೆ ಹಳ್ಳಿಗಳಿಗೆ ಹೊರಟರೆ, ಮಾವನ ಮಾತು ಲೈನಿನ ತಿರುವಿನವರೆಗೂ ಕೇಳುತ್ತಿತ್ತು. ಅಪ್ಪನನ್ನು ನಗಿಸಬಲ್ಲ ಮನುಷ್ಯ ನಾನು ಕಂಡಂತೆ ಅವರೊಬ್ಬರೇ. ಅಪ್ಪ ನಗುವಾಗ ಸದ್ದು ಬರುತ್ತಿರಲಿಲ್ಲ. ಹೆಗಲು ಮಾತ್ರ ಕುಣಿಯುತ್ತಿತ್ತು. ಅದನ್ನು ಕಂಡರೆ ಮಾವನಿಗೆ ಇನ್ನೂ ಹುಮ್ಮಸ್ಸು. "ನೋಡ್ರಪ್ಪಾ, ನಮ್ ಭಾವ ನಗ್ತಾವ್ರೆ, ಮಳೆ ಬತ್ತದೆ," ಎನ್ನುತ್ತಿದ್ದರು.

ಪೊಲೀಸಿಗೆ ಸೇರುವ ಮೊದಲು ಮಾವ ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆ ಒಂದು ಸೌದೆ ಡಿಪೋದಲ್ಲಿ ಕೆಲಸಕ್ಕಿದ್ದರು. ಅಲ್ಲಿ ಉರ್ದು ಕಲಿತಿದ್ದರು. ಟೆಂಟಿಗೆ ಹಿಂದಿ ಚಿತ್ರ ಬಂದರೆ ಲೈನಿನ ಹೆಂಗಸರು ಮಕ್ಕಳೆಲ್ಲ ಅವರ ಸುತ್ತ ಕೂರುತ್ತಿದ್ದರು, ಏಕೆಂದರೆ ಅವರು ಒಂದೊಂದು ಮಾತನ್ನೂ ಗಟ್ಟಿಯಾಗಿ ಕನ್ನಡಕ್ಕೆ ಹೇಳುತ್ತಿದ್ದರು. ಅವರ ಕನ್ನಡದಲ್ಲಿ ಬೊಂಬಾಯಿಯ ನಾಯಕಿಯರು ಮಾಗಡಿ ಕಡೆಯ ಹೆಣ್ಣುಮಕ್ಕಳ ಹಾಗೆ ಮಾತಾಡುತ್ತಿದ್ದರು. ಟೆಂಟಿನ ಮಾಲೀಕನಾಗಲಿ ಬೇರೆ ಪ್ರೇಕ್ಷಕರಾಗಲಿ ಸುಮ್ಮನಿರಿ ಎಂದದ್ದು ನನಗೆ ನೆನಪಿಲ್ಲ. ಪೊಲೀಸಿನವರೆಂದು ಅಲ್ಲ, ಅವರು ಹೇಳುತ್ತಿದ್ದುದು ಅಷ್ಟು ಚೆನ್ನಾಗಿರುತ್ತಿತ್ತು.

ಈ ಚಿತ್ರ ಬರುವ ಹಿಂದಿನ ಕಾರ್ತಿಕದಲ್ಲಿ ಮಾವ ತೀರಿಕೊಂಡರು. ಹಳ್ಳಿಯೊಂದರಲ್ಲಿ ಸಮನ್ಸ್ ಕೊಟ್ಟು ಇಬ್ಬರೂ ತುಮಕೂರು ರಸ್ತೆಯಲ್ಲಿ ವಾಪಸು ಬರುತ್ತಿದ್ದರು. ಬೆಳಗಿನ ಬಿಸಿಲು ಇನ್ನೂ ಹದವಾಗಿತ್ತಂತೆ. ಅಪ್ಪ ರಸ್ತೆಯ ಅಂಚಿಗೆ, ಮಾವ ಅವರ ಬಲಕ್ಕೆ. ಹಿಂದಿನಿಂದ ಬಂದ ಲಾರಿ ಮಾವನನ್ನು ಸೈಕಲ್ಲಿನ ಸಮೇತ ಎತ್ತಿ ಎಸೆಯಿತು. ಅಪ್ಪನಿಗೆ ಮೊಣಕೈ ತರಚಿತ್ತು, ಅಷ್ಟೇ. ಅವರೇ ಇನ್ನೊಂದು ಲಾರಿ ನಿಲ್ಲಿಸಿ, ಮಾವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ತಂದರು. ಆಸ್ಪತ್ರೆಗೆ ಬರುವ ಮೊದಲೇ ಎಲ್ಲ ಮುಗಿದಿತ್ತು. ಅಪ್ಪ ಠಾಣೆಯಲ್ಲಿ ನಿಂತು ರೈಟರ ಕೈಲಿ ಹೇಳಿಕೆ ಬರೆಸಿದರು. ಲಾರಿ ಯಾವ ಕಡೆಯಿಂದ ಬಂತು, ರಸ್ತೆಯ ಯಾವ ಪಕ್ಕ, ಯಾರು ಯಾರು ನೋಡಿದರು. ಆ ದಿನದ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು. ಅತ್ತೆಯ ಹತ್ತಿರವೂ ಅದಕ್ಕಿಂತ ಹೆಚ್ಚಿಗೆ ಒಂದು ಮಾತು ಆಡಲಿಲ್ಲ. ಆಮೇಲೆ ಹಳ್ಳಿಗಳಿಗೆ ಒಬ್ಬರೇ ಹೋಗತೊಡಗಿದರು. ಠಾಣೆಯ ಸಾಹೇಬರು ಬೇರೆ ಪೇದೆಯನ್ನು ಜೊತೆಗೆ ಹಾಕಿದರೆ, ಆತ ಮುಂದೆ ಹೋಗಲಿ ಎಂದು ಸೈಕಲ್ ನಿಲ್ಲಿಸಿಕೊಂಡು ನಿಲ್ಲುತ್ತಿದ್ದರಂತೆ.

ಚಿತ್ರ ಬಂದದ್ದು ಶಿವರಾತ್ರಿ ಕಳೆದ ಮೇಲೆ. ಜಟಕಾಗಾಡಿಯ ಎರಡು ಕಡೆಗೂ ಪೋಸ್ಟರು ಕಟ್ಟಿ, ತಮಟೆ ಬಡಿಯುತ್ತಾ, ಬಣ್ಣದ ಕಾಗದಗಳನ್ನು ಎಸೆಯುತ್ತಾ ಟೆಂಟಿನವರು ಲೈನಿನ ಮುಂದೆ ಹಾದುಹೋದರು. ಪೋಸ್ಟರಿನಲ್ಲಿ ಇಬ್ಬರು ಇನ್ಸ್‌ಪೆಕ್ಟರುಗಳು ಒಂದೇ ಮೋಟಾರ್ ಸೈಕಲ್ಲಿನ ಮೇಲೆ ಹಲ್ಲು ಬಿಟ್ಟು ಕೂತಿದ್ದರು. ನಲ್ಲಿಯ ಹತ್ತಿರ ನಿಂತಿದ್ದ ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಸಂಜೆ ನಮ್ಮ ಅಡಿಗೆಮನೆಗೆ ಬಂದು ಬಾಗಿಲಲ್ಲಿ ಕೂತರು.

"ಪೊಲೀಸ್ನೋರ ಪಿಚ್ಚರ್ ಅಂತಲ್ಲ ಕಣೆ. ನನ್ನನ್ನೂ ಕರ್ಕೊಂಡೋಗೆ," ಎಂದರು ನನಗೆ.

ಅಮ್ಮ ಒಲೆಯ ಮುಂದಿನಿಂದ ತಿರುಗಿದಳು. "ವರ್ಷದ ತಿಥಿನೂ ಆಗಿಲ್ವಲ್ಲೇ. ನೋಡ್ದೋರು ಏನಂತಾರೆ?"

"ಮನೇಲಿ ಕೂತಿದ್ರೆ ಅನ್ನಲ್ವಾ ಅತ್ಗೆ? ಆಗ್ಲೂ ಅಂತಾರೆ." ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಅವರಿದ್ದಿದ್ರೆ ಮೊದಲ್ನೇ ದಿವ್ಸಾನೇ ಹೋಗಿರ್ತಿದ್ವಿ."

ಅಮ್ಮ ಮತ್ತೆ ಒಲೆಯ ಕಡೆ ತಿರುಗಿಕೊಂಡಳು. ಅಪ್ಪನನ್ನು ಕೇಳಿದಾಗ, "ಹೋಗಿ ಬರ್ಲಿ, ನಾನು ಬರಲ್ಲ," ಎಂದು ಟೋಪಿ ತೆಗೆದುಕೊಂಡು ಠಾಣೆಗೆ ಹೊರಟುಬಿಟ್ಟರು.

ಮಾರನೆಯ ಸಂಜೆ ನಾವಿಬ್ಬರೇ ಮೊದಲನೇ ಆಟಕ್ಕೆ ಹೋದೆವು. ಹೆಂಗಸರ ಕಡೆಯ ಬೆಂಚಿನಲ್ಲಿ ಕೂತೆವು. ಮುಂದೆ ಮರಳಿನ ಮೇಲೆ ಕೂತವರು ಮರಳನ್ನು ಗುಡ್ಡೆ ಮಾಡಿ ತಮ್ಮ ತಮ್ಮ ಪೀಠ ಎತ್ತರಿಸಿಕೊಳ್ಳುತ್ತಿದ್ದರು. ಕೆಲವರು ಅತ್ತೆಯ ಬರಿ ಹಣೆಯನ್ನೂ ಪರದೆಯನ್ನೂ ಒಮ್ಮೆ ನೋಡಿ ಮುಖ ಆಚೆ ಮಾಡಿದರು. ಅತ್ತೆ ಅದನ್ನು ಕಂಡೂ ಕಾಣದವರಂತೆ ನೆಟ್ಟಗೆ ಕೂತಿದ್ದರು.

ಚಿತ್ರ ಪತ್ರಿಕೆಗಳು ಹೇಳಿದ ಹಾಗೆಯೇ ಇತ್ತು. ಒಬ್ಬ ಇನ್ಸ್‌ಪೆಕ್ಟರು ವಾಚಾಳಿ, ಇನ್ನೊಬ್ಬ ಮುಂಗೋಪಿ. ಕಳ್ಳರನ್ನು ಅಟ್ಟಿಸಿಕೊಂಡು ಹೋಗುವಾಗ ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ಜೋಡಿಸಿದ್ದ ತೊಟ್ಟಿಲಿನಂಥ ಸೀಟು ಕಳಚಿಕೊಂಡು, ವಾಚಾಳಿಯನ್ನು ಹೊತ್ತು ತರಕಾರಿ ಮಾರುಕಟ್ಟೆಯನ್ನೆಲ್ಲ ಸುತ್ತಿ, ಕೊನೆಗೆ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಆತನ ತಲೆಯ ಮೇಲೆ ಒಂದು ಹೂಕೋಸು. ಟೆಂಟು ಬಿದ್ದು ಬಿದ್ದು ನಕ್ಕಿತು. ನಾನು ಅತ್ತೆಯ ಕಿವಿಯಲ್ಲಿ ಹಿಂದಿಯನ್ನು ಕನ್ನಡಕ್ಕೆ ಹೇಳುತ್ತಿದ್ದೆ. ಮಾವನ ಹಾಗೆ ಹೇಳಲು ನನಗೆ ಬರುತ್ತಿರಲಿಲ್ಲ. ನಾನು ಹೇಳುತ್ತಿದ್ದುದು ಪಾಠದ ಪುಸ್ತಕದ ಕನ್ನಡ. ಆದರೂ ಅತ್ತೆ "ಹೂಂ, ಹೂಂ" ಎನ್ನುತ್ತಾ ಕೇಳುತ್ತಿದ್ದರು.

ವಿರಾಮದ ಬಳಿಕ ಐಸ್ ಕಾರ್ಖಾನೆಯೊಂದರಲ್ಲಿ ಹೊಡೆದಾಟ ಬಂತು. ಎಲ್ಲರೂ ಜಾರಿ ಬೀಳುತ್ತಾರೆ, ಏಳುತ್ತಾರೆ, ಮತ್ತೆ ಜಾರುತ್ತಾರೆ. ಆ ನಗುವಿನ ನಡುವೆಯೇ ಗುಂಡು ಹಾರಿತು. ವಾಚಾಳಿ ಗೆಳೆಯನ ತೊಡೆಯ ಮೇಲೆ ಬಿದ್ದ. ಅಲ್ಲಿಂದ ಅವನು ಮಾತಾಡತೊಡಗಿದ. ತಾಯಿಯ ಬಗ್ಗೆ, ಊರಿನ ಮಾವಿನ ತೋಪಿನ ಬಗ್ಗೆ, ಇಬ್ಬರೂ ಸೇರಿ ಕದ್ದ ಹಣ್ಣಿನ ಬಗ್ಗೆ. ಅತ್ತೆ ಅನುವಾದ ಕೇಳಲಿಲ್ಲ. ನಾನೂ ನಿಲ್ಲಿಸಿದೆ. ಅವರ ಕೈ ನನ್ನ ಮಣಿಕಟ್ಟಿನ ಮೇಲಿತ್ತು. ಅದು ಬಿಗಿಯುತ್ತಾ ಹೋಯಿತು. ಅವನು ಕಣ್ಣು ಮುಚ್ಚಿದ. ವಾದ್ಯಗಳೆಲ್ಲ ಒಟ್ಟಿಗೆ ಅತ್ತವು. ಟೆಂಟಿನಲ್ಲಿ ಎಲ್ಲೋ ಒಂದು ಕೂಸಿನ ಅಳು ಬಿಟ್ಟರೆ ಸದ್ದಿಲ್ಲ.

ಆಮೇಲೆ ಸತ್ತವನು ಒಂದು ಕಣ್ಣು ತೆರೆದ. ಊಟ ಹಾಳಾಯಿತಲ್ಲೋ ಎಂದು ಗೊಣಗುತ್ತಾ ಅಂಗಿಯೊಳಗಿನಿಂದ ಊಟದ ಡಬ್ಬಿಯ ಮುಚ್ಚಳ ತೆಗೆದ. ಅದರ ನಡುವೆ ಗುಂಡು ಕುಳಿ ಮಾಡಿತ್ತು. ಎದ್ದು ಕೂತ. ಶಿಳ್ಳೆ, ಚಪ್ಪಾಳೆ, ಕೂಗು. ಅತ್ತೆ ನಗತೊಡಗಿದರು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಕಣ್ಣಿಂದ ನೀರು ಧಾರಾಕಾರವಾಗಿ ಹರಿಯುತ್ತಿತ್ತು. "ಎದ್ದ ಕಣೆ, ಎದ್ಬಿಟ್ಟ," ಎಂದು ನನ್ನ ಕೈಯನ್ನು ಕುಲುಕಿದರು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ನನಗೆ ಭಯವಾಯಿತು. ದೀಪ ಹೊತ್ತಿಕೊಳ್ಳುವ ಹೊತ್ತಿಗೆ ಅವರು ಮುಖ ಒರೆಸಿಕೊಂಡು ಶಾಂತವಾಗಿದ್ದರು.

ಮನೆಯ ದಾರಿಯಲ್ಲಿ ನಾನು, ಪತ್ರಿಕೆಗಳು ಈ ಚಿತ್ರವನ್ನು ಹೇಗೆಲ್ಲ ಬೈದಿವೆ ಎಂದು ಹೇಳಿದೆ.

"ಪೊಲೀಸ್ನೋರು ಹಿಂಗ್ ನಗಲ್ಲ ಅಂತ ಬರ್ದವ್ರಾ?" ಅತ್ತೆ ನಿಂತೇಬಿಟ್ಟರು. "ಅವರ ಮನೆ ಪಕ್ದಾಗೆ ಪೊಲೀಸ್ನೋರು ಯಾರೂ ಇಲ್ಲ ಅಂತ ಕಾಣ್ತದೆ. ನಿಮ್ಮಪ್ಪ, ಅವರು, ಇಬ್ರೂ ಹಿಂಗೇ ಇರ್ಲಿಲ್ವಾ? ಆ ನಗು ದಿಟ ಕಣೆ."

ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ ಮತ್ತೆ ಹೇಳಿದರು: "ಸುಳ್ಳು ಯಾವ್ದು ಅಂದ್ರೆ, ಅವರಿಬ್ರಿಗೂ ಮನೇನೇ ಇಲ್ಲ. ಡಬ್ಬಿ ತಗೊಂಡು ಹೋಗ್ತಾನಲ್ಲ, ಅದಕ್ಕೆ ಅನ್ನ ಹಾಕ್ದೋಳು ಯಾರು? ಒಂದ್ಸಲನಾದ್ರೂ ತೋರಿಸಿದ್ರಾ ಅವಳನ್ನ? ಅವನು ಸತ್ತ ಅಂದಾಗ ಯಾರ ಮನೆ ಬಾಗ್ಲು ತಟ್ಟಿದ್ರು?"

ಆ ವಾರ ನಾನು ವಿಮರ್ಶೆ ಬರೆಯಲು ಕೂತು ಎದ್ದೆ, ಕೂತು ಎದ್ದೆ. ಬೆಂಗಳೂರಿನವರು ಬರೆದದ್ದರಲ್ಲಿ ತಪ್ಪಿರಲಿಲ್ಲ. ಅತ್ತೆ ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಕೂರಿಸುವುದು ಹೇಗೆಂದು ತಿಳಿಯಲಿಲ್ಲ. ಸಂಪಾದಕರಿಗೆ ಇನ್ನೊಂದು ವಾರ ಬೇಕೆಂದೆ.

ಅಷ್ಟರಲ್ಲಿ ಒಂದು ಸಂಗತಿ ತಿಳಿಯಿತು. ಶಾಲೆ ಮುಗಿಸಿ ಬರುವಾಗ ಟೆಂಟಿನ ಗೇಟಿನಲ್ಲಿ ಟಿಕೆಟ್ ಹರಿಯುವವನು ನನ್ನನ್ನು ನಿಲ್ಲಿಸಿದ. "ಟೀಚರಮ್ಮ, ದಫೇದಾರ್ರಿಗೆ ಈ ಪಿಚ್ಚರ್ ಮ್ಯಾಲೆ ಬಲು ಆಸೆ ಅಂತ ಕಾಣ್ತದೆ. ದಿನಾ ಬರ್ತಾವ್ರೆ. ಕೂತ್ಕೊಳ್ಳಿ ಸಾ ಅಂದ್ರೂ ಕೂರಲ್ಲ, ಆ ಕಂಬದ ಹತ್ರ ನಿಂತ್ಕೊಂಡ್ ನೋಡ್ತಾರೆ. ಐಸಿನ ಫೈಟು ಶುರುವಾಯ್ತು ಅಂದ್ರೆ ಹೊಂಟೋಗ್ತಾರೆ."

ಅಪ್ಪ ಬಂದೋಬಸ್ತಿಗೆ ಹೋಗುತ್ತಾರೆಂದೇ ನಾವು ತಿಳಿದಿದ್ದೆವು. ಸಿನಿಮಾ ಎಂದರೆ ಅವರಿಗೆ ಅಷ್ಟಕ್ಕಷ್ಟೆ. ಮಾವ ಎಳೆದುಕೊಂಡು ಹೋದರೆ ಹೋಗುತ್ತಿದ್ದರು, ಹೋದರೂ ಮಾವನನ್ನು ನೋಡುತ್ತಿದ್ದರೇ ಹೊರತು ಪರದೆಯನ್ನಲ್ಲ. ನಾನು ಅಮ್ಮನಿಗೆ ಹೇಳಿದೆ. ಗೋಡೆಯಾಚೆ ಅತ್ತೆಗೂ ಅದು ಕೇಳಿಸಿತು. ಅವರು ನೇರ ನಮ್ಮ ಜಗಲಿಗೆ ಬಂದರು. ಅಪ್ಪ ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಉಜ್ಜುತ್ತಿದ್ದರು.

"ಅಣ್ಣ, ಪೂರಾ ನೋಡ್ಲಿಲ್ವಂತೆ?"

ಅಪ್ಪ ತಲೆ ಎತ್ತಲಿಲ್ಲ. "ಏನೈತೆ ಕೊನೇಲಿ ನೋಡಾದು."

"ಅವನು ಬದುಕ್ತಾನೆ ಅಣ್ಣ."

"ಗೊತ್ತು ಕಣಮ್ಮ." ಉಜ್ಜುವುದು ನಿಂತಿತು. "ಊರೆಲ್ಲ ಹೇಳ್ತದೆ, ಎದ್ದು ಕೂತ್ಕೊತಾನೆ ಅಂತ. ಸಾಯೋದಾದ್ರೆ ನೋಡ್ತಿದ್ದೆ. ಏಳೋದನ್ನ ನೋಡೋಕಾಗಲ್ಲ ನನ್ ಕೈಲಿ."

ಅಮ್ಮ ಒಳಗಿನಿಂದ ಬಂದು ಬಾಗಿಲ ಹಿಂದೆ ನಿಂತಳು. ಅತ್ತೆ ಜಗಲಿಯ ಮೆಟ್ಟಿಲ ಮೇಲೆ ಕೂತರು.

"ನಾನು ನೋಡ್ದೆ ಅಣ್ಣ. ನೋಡೋವಾಗ ನನಗೇನಾಯ್ತು ಅಂತ ನಿನ್ ಮಗಳ್ನ ಕೇಳು. ಆದ್ರೂ ನೋಡ್ದೆ. ಮನೆಗೆ ಬಂದು ಅನ್ನ ಉಂಡೆ. ಅವರು ಹೋದ್ಮೇಲೆ ಅವತ್ತೇ ನಾನು ಹೊಟ್ಟೆ ತುಂಬ ಉಂಡಿದ್ದು." ಮೆಟ್ಟಿಲಿಂದ ಏಳುತ್ತಾ, "ನೀನು ನಾಳೆ ನಮ್ ಜೊತೆ ಬಾ. ಅರ್ಧಕ್ಕೆ ಎದ್ದು ಬರೋದು ಬ್ಯಾಡ," ಎಂದರು.

ಅಪ್ಪ ಮತ್ತೆ ಬಿಲ್ಲೆ ಉಜ್ಜತೊಡಗಿದರು. ಮಾರನೆಯ ದಿನ ಆ ಚಿತ್ರದ ಕೊನೆಯ ಆಟಗಳು. ಸಂಜೆ ಮಡಿ ಪಂಚೆ ಉಟ್ಟು, ತಲೆಗೆ ಟವೆಲು ಸುತ್ತಿಕೊಂಡು ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವರು ಪಂಚೆಯಲ್ಲಿ ಟೆಂಟಿಗೆ ಹೋಗುವುದನ್ನು ನಾನು ಅದೇ ಮೊದಲು ನೋಡಿದ್ದು. ಕುರ್ಚಿ ಕ್ಲಾಸಿನಲ್ಲಿ ಮೂವರೂ ಒಟ್ಟಿಗೆ ಕೂತೆವು. ಅತ್ತೆ ನಡುವೆ. ತೊಟ್ಟಿಲು ಮಾರುಕಟ್ಟೆ ಸುತ್ತುವಾಗ ಅಪ್ಪನ ಹೆಗಲು ಒಂದೆರಡು ಸಲ ಅಲುಗಿತು. ಐಸ್ ಕಾರ್ಖಾನೆ ಬಂದಾಗ ಅವರು ಎದ್ದರು. ಅತ್ತೆ ಮುಖ ತಿರುಗಿಸದೆ, "ಕೂತ್ಕೊ ಅಣ್ಣ," ಎಂದರು. ಕೂತರು.

ವಾಚಾಳಿ ಮಾತಾಡಿ ಮಾತಾಡಿ ಕಣ್ಣು ಮುಚ್ಚುವವರೆಗೂ ಅಪ್ಪ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ತಲೆಯ ಟವೆಲನ್ನು ಬಿಚ್ಚಿ ಮುಖಕ್ಕೆ ಒತ್ತಿಕೊಂಡರು. ಟೆಂಟು ಶಿಳ್ಳೆ ಹೊಡೆಯುತ್ತಿತ್ತು. ಅತ್ತೆ ಈ ಸಲ ನಗಲಿಲ್ಲ. ಪರದೆಯನ್ನು ನೋಡುತ್ತಲೇ ಮೆಲ್ಲಗೆ, ಮಾವ ಹೇಳುತ್ತಿದ್ದ ಧಾಟಿಯಲ್ಲಿ, ಅಪ್ಪನಿಗೆ ಹೇಳತೊಡಗಿದರು: "ಈಗ ಕಣ್ ಬಿಟ್ಟ ಅಣ್ಣ. ಡಬ್ಬಿ ಮುಚ್ಚಳ ತೆಗ್ದ. ಅವನ ದೋಸ್ತು ಬೈತಾವ್ನೆ. ಈಗ ಎದ್ದ." ಅಪ್ಪ ಟವೆಲಿನೊಳಗಿಂದಲೇ ತಲೆಯಾಡಿಸಿದರು. ಕೊನೆಯ ಹಾಡಿಗೆ ಟವೆಲು ಇಳಿಸಿದರು. ಗೆಳೆಯರಿಬ್ಬರೂ ಮೋಟಾರ್ ಸೈಕಲ್ಲಿನಲ್ಲಿ ದೂರ ಹೋಗುತ್ತಿರುವುದನ್ನು, ಪರದೆ ಬೆಳ್ಳಗಾಗುವವರೆಗೆ ನೋಡಿದರು.



ಮರುದಿನ ಭಾನುವಾರ. ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅತ್ತೆ ಬಂದು ಅದೇ ಮೆಟ್ಟಿಲ ಮೇಲೆ ಕೂತರು. ಅವರು ಏನೋ ಕೇಳಲು ಬಂದಿದ್ದಾರೆಂದು ಕೂತ ರೀತಿಯಲ್ಲೇ ತಿಳಿಯುತ್ತಿತ್ತು.

"ಅವನು ಅಷ್ಟೊತ್ತು ಮಾತಾಡ್ದ ನೋಡು ಅಣ್ಣ, ಅವನ ದೋಸ್ತಿನ ತೊಡೆ ಮ್ಯಾಲೆ. ಅವರೂ ನಿನ್ ತೊಡೆ ಮ್ಯಾಲೇ ಇದ್ರಲ್ಲ. ಏನಂದ್ರು?"

ಅಪ್ಪ ಲೋಟ ಕೆಳಗಿಟ್ಟರು. "ಏನೂ ಅನ್ಲಿಲ್ಲ ಕಣಮ್ಮ. ಅನ್ನೋ ಸ್ಥಿತೀಲಿ ಇರ್ಲಿಲ್ಲ. ನಿನ್ ಹೆಸ್ರು ಹೇಳ್ದ ಅಂತ ಸುಳ್ಳು ಹೇಳ್ಬೌದಿತ್ತು. ಹೇಳೋಕೆ ಬರ್ಲಿಲ್ಲ ನಂಗೆ. ಅದಕ್ಕೇ ನಿನ್ ಮುಂದೆ ಬಾಯೇ ಬಿಡ್ಲಿಲ್ಲ."

"ಅದಕ್ಕೆ ಮುಂಚೆ? ಸೈಕಲ್ ಮ್ಯಾಲೆ?"

ಅಪ್ಪ ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ನಿಧಾನಕ್ಕೆ ಹೇಳತೊಡಗಿದರು. ಮಾವ ಆ ಬೆಳಿಗ್ಗೆ ಒಂದು ಕೋಳಿಯ ಕತೆ ಹೇಳುತ್ತಿದ್ದರಂತೆ. ಅಪ್ಪ ರಜೆಯಲ್ಲಿದ್ದಾಗ ನಡೆದದ್ದು. ಒಂದು ಹಳ್ಳಿಯಲ್ಲಿ ಇಬ್ಬರು ಮುದುಕಿಯರು ಒಂದು ಕೋಳಿಗೆ ಜಗಳವಾಡಿ ಠಾಣೆಗೆ ದೂರು ತಂದಿದ್ದರು. ಅವಳು ನನ್ನದು ಎನ್ನುತ್ತಾಳೆ, ಇವಳು ನನ್ನದು ಎನ್ನುತ್ತಾಳೆ. ಮಾವ ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹಳ್ಳಿಗೆ ಹೋಗಿ, ಪಟೇಲರನ್ನು ಜಗಲಿಯ ಮೇಲೆ ಪಂಚಾಯ್ತಿಗೆ ಕೂರಿಸಿ, ಊರಿನವರನ್ನೆಲ್ಲ ಸೇರಿಸಿ, ಇದು ಯಾರ ಮನೆಗೆ ಹೋಗುತ್ತದೋ ಅವರದೇ ಕೋಳಿ ಎಂದು ಸಾರಿದ್ದರು.

"'ಬುಟ್ಟಿ ಎತ್ತಿದೆ ಭಾವ' ಅಂದ. 'ಕೋಳಿ ನಿಂತ್ಕಂತು. ಈ ಕಡೆ ನೋಡ್ತು. ಆ ಕಡೆ ನೋಡ್ತು' ಅಂದ. ಕತ್ತು ಹಿಂಗೆ ತಿರುಗಿಸಿ ತೋರಿಸ್ತಿದ್ದ, ಕೋಳಿ ಹಂಗೆ." ಅಪ್ಪ ಕತ್ತು ತಿರುಗಿಸಿದರು. ಅಲ್ಲಿಗೇ ನಿಂತರು. "ಅಷ್ಟೇ. ಅಷ್ಟರಾಗೆ ಲಾರಿ ಬಂತು."

ನಲ್ಲಿಯ ಹತ್ತಿರ ಯಾರೋ ಕೊಡ ಇಟ್ಟ ಸದ್ದು ಕೇಳಿಸಿತು. ಅತ್ತೆ ನೆಲ ನೋಡುತ್ತಾ ಕೂತಿದ್ದರು.

"ಅದು ಇಬ್ರ ಮನೇಗೂ ಹೋಗ್ಲಿಲ್ಲ ಅಣ್ಣ," ಎಂದರು. "ಅದು ನಡೆದ ದಿವ್ಸಾನೇ ಬಂದು ನಂಗೆ ಹೇಳಿದ್ರು. ಸೀದಾ ಪಟೇಲರ ಜಗಲಿ ಹತ್ತಿ, ಪಟೇಲರ ಪಕ್ಕದಾಗೇ ಹಾಯ್ದು ಅವರ ಮನೆ ಒಳಕ್ಕೆ ಹೋಯ್ತಂತೆ. ಒಳಗೆ ಪಟೇಲರ ಹೆಂಡ್ರು ಮಸಾಲೆ ಅರೀತಾ ಕೂತಿದ್ರಂತೆ."

ಅಪ್ಪ ಅವರನ್ನೇ ನೋಡಿದರು. "ಪಟೇಲರ ಮನೇಗಾ?"

"ಹೂಂ. ನ್ಯಾಯ ಹೇಳೋಕೆ ಕೂತಿದ್ದೋರ ಮನೇಗೆ."

ಅಪ್ಪನ ಹೆಗಲು ಕುಣಿಯತೊಡಗಿತು. ಸದ್ದಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೂ ನನಗೂ ಅದು ನಗುವೋ ಅಳುವೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎರಡೂ ಎಂದು ತಿಳಿಯಿತು. ಅತ್ತೆ ಸುಮ್ಮನೆ ಕೂತು ಅವರು ಮುಗಿಸುವವರೆಗೂ ಕಾದರು. ಅಮ್ಮ ಲೋಟ ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಕಾಫಿ ತಂದಿಟ್ಟಳು, ಈ ಸಲ ಇಬ್ಬರಿಗೂ.

ಅಂದು ಮಧ್ಯಾಹ್ನ ನಾನು ವಿಮರ್ಶೆ ಬರೆದು ಮುಗಿಸಿದೆ. ಮಾವನ ಬಗ್ಗೆ ಬರೆಯಲಿಲ್ಲ, ಕೋಳಿಯ ಬಗ್ಗೆಯೂ ಇಲ್ಲ. ಕತೆ ತೆಳು, ಹೊಡೆದಾಟ ಹೆಚ್ಚು, ಹಾಡುಗಳು ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಬರೆದೆ. ಆದರೆ ಇಬ್ಬರು ಪೊಲೀಸರ ನಗು ನಿಜವೆಂದು ಬರೆದೆ. ನಗರದ ವಿಮರ್ಶಕರು ಸತ್ತವನು ಏಳುವುದನ್ನು ದೊಡ್ಡ ಸುಳ್ಳೆಂದಿದ್ದಾರೆ, ನಮ್ಮೂರಿನ ಪೊಲೀಸ್ ಲೈನಿನ ಹೆಂಗಸೊಬ್ಬರಿಗೆ ಅದಕ್ಕಿಂತ ದೊಡ್ಡ ಸುಳ್ಳು ಕಂಡಿದೆ, ಆ ಡಬ್ಬಿಗೆ ಅನ್ನ ಹಾಕಿದವಳು ಚಿತ್ರದಲ್ಲಿ ಎಲ್ಲೂ ಇಲ್ಲ ಎಂದು ಬರೆದೆ. ಏಳುವ ದೃಶ್ಯ ಕೆಲವರಿಗೆ ತಮಾಷೆ, ಕೆಲವರಿಗೆ ಅದನ್ನು ನೋಡಿ ಮುಗಿಸುವುದೇ ಒಂದು ದೊಡ್ಡ ಕೆಲಸ ಎಂದೂ ಸೇರಿಸಿದೆ.

ಸಂಪಾದಕರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಚಿತ್ರವೇ ಊರು ಬಿಟ್ಟು ಹೋಯ್ತಲ್ಲಮ್ಮ. ಇನ್ನು ಇದನ್ನ ಓದಿ ಯಾರು ನೋಡಕ್ಕೆ ಹೋಗ್ತಾರೆ?"

"ಹೋಗೋರು ಯಾರೂ ಇಲ್ಲ ಸಾರ್," ಎಂದೆ.

"ಆ ಕೊನೇ ವಾಕ್ಯ ನನಗೆ ಅರ್ಥ ಆಗ್ಲಿಲ್ಲ."

ಅವರು ನನ್ನ ಮುಖ ನೋಡಿ, ಮತ್ತೇನೂ ಕೇಳದೆ ಹಾಳೆಯನ್ನು ಅಚ್ಚು ಜೋಡಿಸುವವನ ಕಡೆ ಚಾಚಿದರು. ಒಂದಕ್ಷರವೂ ಬದಲಾಗದೆ ಅದು ಅಚ್ಚಾಯಿತು.

ಆ ವಾರ ನಲ್ಲಿಯ ಹತ್ತಿರ ಪತ್ರಿಕೆಯನ್ನು ಯಾರೋ ಗಟ್ಟಿಯಾಗಿ ಓದಿದರು. ಆ ಹೆಂಗಸು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಕೆಲವರು, ಗಂಡ ಸತ್ತು ವರ್ಷವಾಗುವ ಮೊದಲೇ ಎರಡೆರಡು ಸಲ ಟೆಂಟಿಗೆ ಹೋದಳಲ್ಲ ಎಂದು ಮೂಗು ಮುರಿದರು. ರೈಟರ ಹೆಂಡತಿ ಮಾತ್ರ, "ಅವಳು ಕೇಳಿರೋದು ಸರಿಯಾಗೇ ಐತೆ. ನಾನೂ ಇಷ್ಟ್ ವರ್ಷ ಡಬ್ಬಿ ಕಟ್ಟಿದೀನಿ," ಎಂದು ಕೊಡ ಎತ್ತಿಕೊಂಡು ಹೊರಟಳು. ಸಾಹೇಬರೂ ಓದಿದರಂತೆ. ಅಪ್ಪನನ್ನು ಕರೆದು ಪತ್ರಿಕೆ ತೋರಿಸಿ, ಮಡಿಚಿ ಮೇಜಿನಲ್ಲಿಟ್ಟರಂತೆ.

ಸುದ್ದಿ ಮಾವನ ಊರಾದ ಸಾಸಲಿನವರೆಗೂ ಹೋಯಿತು. ಮಾವನ ಅಣ್ಣ ಅಲ್ಲಿ ಹೊಲ ಮಾಡಿಕೊಂಡಿದ್ದರು. ಒಂದು ದಿನ ಬಂದು, "ಸಿನಿಮಾ ನೋಡ್ಕೊಂಡು ಇಲ್ಲಿರೋದು ಸಾಕು. ಊರಿಗೆ ನಡಿ, ಒಪ್ಪೊತ್ತು ಅನ್ನಕ್ಕೆ ಅಲ್ಲೇನೂ ಕಮ್ಮಿಯಿಲ್ಲ," ಎಂದರು. ಕೆಟ್ಟ ಮನುಷ್ಯರಲ್ಲ. ತಮ್ಮನ ಹೆಂಡತಿ ನಾಲ್ಕು ಜನರ ಬಾಯಿಗೆ ಬೀಳಬಾರದೆಂಬ ಚಿಂತೆ ಅವರಿಗೆ.

"ಬರಲ್ಲ ಭಾವ," ಎಂದರು ಅತ್ತೆ. "ದೊಡ್ಡಬಳ್ಳಾಪುರದ ಆಸ್ಪತ್ರೇಲಿ ಆಯಾ ಕೆಲಸಕ್ಕೆ ಅರ್ಜಿ ಹಾಕಿವ್ನಿ. ಆಗ್ಲಿ ಬಿಡ್ಲಿ, ಕೇಳ್ಕೊಂಡು ಕೂತಿರ್ತೀನಿ."

ಆ ಅರ್ಜಿಯ ಬಗ್ಗೆ ನಮಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಾವನ ಅಣ್ಣ ಅಪ್ಪನ ಕಡೆ ತಿರುಗಿದರು. ಅಪ್ಪ ಹೇಳಿದರೆ ಕೇಳುತ್ತಾಳೆಂದು ಅವರ ನಂಬಿಕೆ. ಅಪ್ಪ, "ಅವಳು ಹೇಳಿದ್ದಾಳಲ್ಲ," ಎಂದರು. ಅಷ್ಟೇ. ಮಾವನ ಅಣ್ಣ ಊಟ ಮಾಡಿ ಸಂಜೆ ಬಸ್ಸಿಗೆ ವಾಪಸಾದರು. ಆಮೇಲೆ ಪ್ರತಿ ಸುಗ್ಗಿಗೂ ರಾಗಿ ಚೀಲ ಕಳಿಸುವುದನ್ನು ಅವರು ತಪ್ಪಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಕೆಲಸವಾಯಿತು. ಲೈನಿನ ಮನೆ ಖಾಲಿ ಮಾಡಿದ ದಿನ ಅಮ್ಮನೇ ಪಾತ್ರೆಗಳನ್ನು ಕಟ್ಟಿಕೊಟ್ಟಳು. ಹೊರಡುವಾಗ ಅತ್ತೆಯ ಕೈಗೆ ಕುಂಕುಮವಿಲ್ಲದ ತಾಂಬೂಲ ಕೊಡಲು ಮನಸ್ಸಾಗದೆ, ಒಂದು ಹೊಸ ಸೀರೆಯನ್ನು ಮಡಿಲಿಗೆ ಹಾಕಿ ಒಳಗೆ ಹೋಗಿಬಿಟ್ಟಳು. ಅಪ್ಪ ರಜೆ ಹಾಕಿ, ಟ್ರಂಕು ಪಾತ್ರೆಗಳನ್ನು ಮಧುರೆ ಹಳ್ಳಿಯ ಮೇಲೆ ದೊಡ್ಡಬಳ್ಳಾಪುರಕ್ಕೆ ಹೋಗುವ ಬಸ್ಸಿನ ನೆತ್ತಿಗೆ ಏರಿಸಿ, ತಾವೂ ಜೊತೆಗೆ ಹೋದರು. ಸಂಜೆ ಮಬ್ಬಾಗುವ ಮುಂಚೆ ಹಿಂತಿರುಗಿದರು. ಕಾಲು ತೊಳೆದು ತಟ್ಟೆಯ ಮುಂದೆ ಕೂತಾಗ ಅಮ್ಮ ಹತ್ತಿರ ನಿಂತಳು.

"ಸೇರಿಸಿ ಬಂದೆ," ಎಂದರು ಅಪ್ಪ, ಮುದ್ದೆ ಮುರಿಯುತ್ತಾ. "ಮನೆ ಚೆನ್ನಾಗೈತೆ, ಗಾಳಿ ಬೆಳಕು ಬತ್ತದೆ. ಅಕ್ಕಪಕ್ಕ ನೇಯ್ಗೆಯೋರು, ಒಳ್ಳೆ ಜನ. ನೀರು ಮಾತ್ರ ಸ್ವಲ್ಪ ದೂರ."